ಒಂದೇ ಕಡಲು, ಬೇರೆ ಬೇರೆ ಊಟ

ಪಕ್ಕದಲ್ಲೇ ಊಟ ಓಡಾಡ್ತಿದ್ರೂ ಅದನ್ನು ಊಟ ಅಂತಲೇ ಲೆಕ್ಕಿಸದ ಪ್ರಾಣಿಗಳಿವೆ ಅಂದ್ರೆ ನಂಬ್ತೀರಾ? ಕೆನಡಾದ ವ್ಯಾಂಕೂವರ್ ದ್ವೀಪದ ಸುತ್ತಲಿನ ಓರ್ಕಾಗಳು ಹಾಗೇ. ಕಿಲ್ಲರ್ ವೇಲ್ ಅಂತ ಕರೆದರೂ ಇವು ಡಾಲ್ಫಿನ್ ಕುಟುಂಬದವು.

ಅಲ್ಲಿನ ಓರ್ಕಾಗಳಲ್ಲಿ ಮುಖ್ಯವಾಗಿ ಎರಡು ಬಗೆ. 'ರೆಸಿಡೆಂಟ್'ಗಳಿಗೆ ಮೀನೇ ಬೇಕು, ಅದರಲ್ಲೂ ಚಿನೂಕ್ ಸಾಲ್ಮನ್ ಅಂದ್ರೆ ಪ್ರಾಣ. 'ಬಿಗ್ಸ್' ಓರ್ಕಾಗಳಿಗೆ ಸೀಲ್, ಕಡಲಸಿಂಹದಂಥ ಸಸ್ತನಿಗಳು. 1970ರ ದಶಕದಲ್ಲಿ ಬೆನ್ನಿನ ರೆಕ್ಕೆಯ ಫೋಟೊ ನೋಡಿ ಒಂದೊಂದು ಓರ್ಕಾವನ್ನೂ ಗುರುತಿಸಿದ ವಿಜ್ಞಾನಿ ಮೈಕಲ್ ಬಿಗ್ ಅವರ ಹೆಸರದು. ಎರಡೂ ಒಂದೇ ನೀರಲ್ಲಿ ಈಜುತ್ತವೆ, ಆದರೆ ಪರಸ್ಪರ ಸಂಬಂಧ ಬೆಳೆಸುವುದಿಲ್ಲ. ಇವನ್ನು ಬೇರೆ ಬೇರೆ ಪ್ರಭೇದ ಅಂತಲೇ ಕರೆಯಬೇಕು ಅಂತ 2024ರಲ್ಲಿ ಕೆಲವು ಸಂಶೋಧಕರು ವಾದಿಸಿದ್ದಾರೆ.

ನನಗೆ ಮಜಾ ಅನ್ನಿಸಿದ್ದು ಇವುಗಳ ಬೇಟೆ. ರೆಸಿಡೆಂಟ್‌ಗಳು ಹರಟೆಮಲ್ಲರು. ಅವುಗಳ ಕೀಚಲು ದನಿ ಸಾಲ್ಮನ್‌ಗೆ ಸರಿಯಾಗಿ ಕೇಳಿಸದು, ಹಾಗಾಗಿ ಮಾತಾಡ್ತಾನೇ ಬೇಟೆಯಾಡಬಹುದು. ಸೀಲ್‌ನ ಕಿವಿ ಬಲು ಚುರುಕು. ಅದಕ್ಕೇ ಬಿಗ್ಸ್ ಓರ್ಕಾಗಳು ಬೇಟೆ ಸಿಗೋವರೆಗೂ ತುಟಿಪಿಟಕ್ ಅನ್ನೊಲ್ಲ, ಸಿಕ್ಕಮೇಲೆ ಗಲಾಟೆಯೋ ಗಲಾಟೆ. (ನಮ್ಮ ಆಫೀಸ್ ಮೀಟಿಂಗ್‌ಗಳಲ್ಲೂ ಈ ಎರಡೂ ಬಗೆಯವರು ಇದ್ದಾರೆ, ಬಿಡಿ.)

ಊಟ ಬೇರೆಯಾದ್ದರಿಂದ ಜಗಳವಿಲ್ಲ. ಆದರೆ ಈ ಹಟ ಎಂಥದ್ದು ನೋಡಿ. 1970ರಲ್ಲಿ ಅಲ್ಲಿನ ಪೆಡರ್ ಬೇ ಎಂಬಲ್ಲಿ ಬಿಗ್ಸ್ ಓರ್ಕಾಗಳನ್ನು ಬಲೆಯಲ್ಲಿ ಸೆರೆಹಿಡಿದು ಮೀನು ಹಾಕಿದರು. ಎರಡು ತಿಂಗಳು ದಾಟಿದರೂ ಮುಟ್ಟಲಿಲ್ಲ. ಒಂದು ಸತ್ತೇ ಹೋಯಿತು, ಆಮೇಲಷ್ಟೇ ಉಳಿದವು ತಿಂದಿದ್ದು.

ಈಗ ಆ ಸ್ಥಿತಿ ಬಂದಿರೋದು ರೆಸಿಡೆಂಟ್‌ಗಳಿಗೆ. ಬೇಟೆ ನಿಷೇಧದ ನಂತರ ಸೀಲ್‌ಗಳು ಹೆಚ್ಚಿದವು, ಜೊತೆಗೆ ಬಿಗ್ಸ್ ಓರ್ಕಾಗಳೂ. ಅತ್ತ ಅಣೆಕಟ್ಟು, ಮಿತಿಮೀರಿದ ಮೀನುಗಾರಿಕೆಯಿಂದ ಚಿನೂಕ್ ಕುಸಿದಿದೆ. ದಕ್ಷಿಣದ ರೆಸಿಡೆಂಟ್‌ಗಳು 70ರ ಆಸುಪಾಸಿನಲ್ಲಷ್ಟೇ ಉಳಿದಿವೆ. 2018ರಲ್ಲಿ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದ ತಾಯಿ ನೆನಪಿದೆಯಾ? ಆಕೆ ಈ ಗುಂಪಿನವಳೇ. ಹೊಟ್ಟೆ ತುಂಬದಿದ್ದರೂ ಇವು ಸೀಲ್ ತಿನ್ನೋಕೆ ಶುರು ಮಾಡಿಲ್ಲ. ಅಜ್ಜಿ, ತಾಯಿ ಕಲಿಸಿದ್ದು ಮೀನಿನ ಊಟ ಮಾತ್ರ.

ಹಾಗಾಗಿ ಮೀನನ್ನೇ ವಾಪಸ್ ತರಬೇಕು. ಚಳಿಗಾಲದಲ್ಲಿ ಇವುಗಳಲ್ಲಿ ಕೆಲವು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯವರೆಗೂ ಹೋಗುತ್ತವೆ. ಅಲ್ಲಿ ಸಮುದ್ರ ಸೇರುವ ಕ್ಲಾಮತ್ ನದಿಯ 4 ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಪೂರ್ತಿ ತೆಗೆದುಹಾಕಿದರು. ಅದೇ ವರ್ಷ ಚಿನೂಕ್ ಸಾಲ್ಮನ್ ಆ ಜಾಗ ದಾಟಿ ಮೇಲಕ್ಕೆ ಈಜಿದವು.