ಡಯಾಲಿಸಿಸ್‌ಗೆ ಕರೆದೊಯ್ಯಲು ಎಲೆಕ್ಟ್ರಿಕ್ ಕಾರು ಕೊಳ್ಳಬಹುದೇ?

ದಿಲ್‌ಸುಖ್‌ನಗರದ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ನಿಂತು ಈ ಅಂಕಣಕ್ಕೆ ಬರೆಯುವವಳು ನಾನು. ರಾಯಚೂರು, ಕಲಬುರಗಿ, ಬೀದರ್ ಕಡೆಯಿಂದ ಚಿಕಿತ್ಸೆಗೆ ಬಂದು ಇಲ್ಲೇ ಬಾಡಿಗೆ ಮನೆ ಹಿಡಿದವರು ಕನ್ನಡದ ದನಿ ಕೇಳಿದರೆ ಔಷಧಿಯ ಜೊತೆಗೆ ಬೇರೆ ಮಾತನ್ನೂ ತೆಗೆಯುತ್ತಾರೆ. ತಾಯಿಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವ ರಾಯಚೂರಿನ ಒಬ್ಬರು ಕೇಳಿದರು: “ಮೇಡಂ, ಕರೆಂಟ್ ಗಾಡಿ ತಗೋಬೇಕಂತ ಮಾಡೀನಿ. ಟ್ಯಾಕ್ಸ್ ಇಲ್ಲಂತ, ಪೆಟ್ರೋಲ್ ಖರ್ಚೂ ಉಳಿತದಂತ. ಅವ್ವಗ ಆಗಿ ಬರ್ತದೇನು?” ಅವರ ಮನೆಯಲ್ಲಿ ರಾತ್ರಿ ಆಮ್ಲಜನಕದ ಕಾನ್ಸಂಟ್ರೇಟರ್ ಕೂಡ ನಡೆಯುತ್ತದೆ. ಉತ್ತರ ಹೇಳಲು ನನಗೆ ಎರಡು ದಿನ ಹಿಡಿಯಿತು. ನಿಮ್ಮ ಮನೆಯಲ್ಲೂ ಇದೇ ಚರ್ಚೆ ನಡೆಯುತ್ತಿದ್ದರೆ ಓದಿ.

ಮೊದಲು ತೆರಿಗೆಯ ಮಾತು. ತೆಲಂಗಾಣ ಸರ್ಕಾರ 2024ರ ನವೆಂಬರ್ 18ರಿಂದ ಎಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದೆ. ಆದೇಶದ ಪ್ರಕಾರ ಈ ವಿನಾಯಿತಿ 2026ರ ಡಿಸೆಂಬರ್ 31ರವರೆಗೆ. ಇದು ಸಣ್ಣ ಮೊತ್ತವಲ್ಲ. ಇಲ್ಲಿ 10 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆಯೇ ಒಂದೂ ಮುಕ್ಕಾಲು ಲಕ್ಷದ ಆಸುಪಾಸು ಬೀಳುತ್ತದೆ. ಇನ್ನೊಂದು ಕಡೆ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಎಲೆಕ್ಟ್ರಿಕ್ ಕಾರಿಗೆ ಮೊದಲಿನಂತೆ ಶೇ. 5. ಅಂದರೆ ಒಂದು ಕೈಯಲ್ಲಿ ಕೊಟ್ಟ ಅನುಕೂಲವನ್ನು ಇನ್ನೊಂದು ಕೈ ಸ್ವಲ್ಪ ಕಡಿಮೆ ಮಾಡಿದೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ನಿಮ್ಮ ಸ್ವಂತದ ಎಲೆಕ್ಟ್ರಿಕ್ ಕಾರಿಗೆ ಸಬ್ಸಿಡಿ ಇಲ್ಲ. ಮಾರಾಟಗಾರ ಹಾಗೇನಾದರೂ ಹೇಳಿದರೆ ಕಾಗದದ ಮೇಲೆ ತೋರಿಸಲು ಹೇಳಿ.

ಈಗ ಲೆಕ್ಕ. ದಿಲ್‌ಸುಖ್‌ನಗರದಿಂದ ಪಂಜಗುಟ್ಟದ ನಿಮ್ಸ್ ಕಡೆಗೆ ಸುಮಾರು 12 ಕಿ.ಮೀ. ಎನ್ನೋಣ. ಹೋಗಿ ಬರಲು 24, ತಿಂಗಳಿಗೆ 13 ಬಾರಿ, ಒಟ್ಟು 312 ಕಿ.ಮೀ. ಮಲಕ್‌ಪೇಟೆಯ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಕಾರು ಲೀಟರಿಗೆ 12 ಕಿ.ಮೀ. ಕೊಟ್ಟರೆ 26 ಲೀಟರ್. ಲೀಟರಿಗೆ 107 ರೂಪಾಯಿ ಹಿಡಿದರೆ ಸುಮಾರು 2,780 ರೂ. ಎಲೆಕ್ಟ್ರಿಕ್ ಕಾರು ಎಸಿ ಹಾಕಿಕೊಂಡು ಯೂನಿಟ್‌ಗೆ 6 ಕಿ.ಮೀ. ಓಡಿದರೆ 52 ಯೂನಿಟ್. ಮನೆಯ ಬಿಲ್ಲು ಮೇಲಿನ ಸ್ಲ್ಯಾಬ್‌ಗೆ ಹೋಯಿತೆಂದು ಯೂನಿಟ್‌ಗೆ 10 ರೂಪಾಯಿಯನ್ನೇ ಹಾಕಿದರೂ 520 ರೂ. ತಿಂಗಳ ಉಳಿತಾಯ 2,260 ರೂ., ವರ್ಷಕ್ಕೆ 27,000.

ಕೇಳಲು ಚೆನ್ನಾಗಿದೆ. ಆದರೆ ಒಂದೇ ಅಳತೆಯ ಎರಡು ಕಾರುಗಳ ಶೋರೂಂ ಬೆಲೆಯಲ್ಲಿ 3 ಲಕ್ಷ ಅಂತರ ಇದೆ ಎಂದುಕೊಳ್ಳಿ. ತೆರಿಗೆ ಮನ್ನಾ ಕಳೆದರೆ ಉಳಿಯುವುದು 1 ಲಕ್ಷದ 25 ಸಾವಿರ. ಆಸ್ಪತ್ರೆಗೆ ಮಾತ್ರ ಓಡಿಸಿದರೆ ಅದು ಹುಟ್ಟಲು ನಾಲ್ಕೂವರೆ ವರ್ಷ ಬೇಕು. ಮನ್ನಾ ಮುಗಿದ ಮೇಲೆ ಕೊಂಡರೆ ಹತ್ತು ವರ್ಷ ದಾಟಬಹುದು. ಮನೆಯವರ ಕೆಲಸ, ಮಕ್ಕಳ ಶಾಲೆ ಎಲ್ಲಾ ಸೇರಿ ತಿಂಗಳಿಗೆ 1,000 ಕಿ.ಮೀ. ಓಡಿದರೆ ಕಥೆ ಬೇರೆ: ಉಳಿತಾಯ ತಿಂಗಳಿಗೆ 7,000 ದಾಟುತ್ತದೆ, ಅಂತರ ಎರಡು ವರ್ಷದೊಳಗೆ ತೀರುತ್ತದೆ.

ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ, ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ: ಕಾರೇ ಬೇಕೇ? 10 ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಕಂತು ತಿಂಗಳಿಗೆ ಸುಮಾರು 20,750 ರೂ. ಕ್ಯಾಬ್‌ಗೆ ಹೋಗಿ ಬರಲು 700 ಎಂದರೂ 13 ಬಾರಿಗೆ 9,100. ಮೆಟ್ರೋ ಇನ್ನೂ ಅಗ್ಗ. ಮಿಯಾಪುರ–ಎಲ್.ಬಿ.ನಗರದ ಕೆಂಪು ಮಾರ್ಗದಲ್ಲಿ ದಿಲ್‌ಸುಖ್‌ನಗರ, ಲಕಡಿಕಾಪುಲ್, ಪಂಜಗುಟ್ಟ ಮೂರೂ ಬರುತ್ತವೆ, ರೈಲು ಬದಲಿಸಬೇಕಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ರಕ್ತದೊತ್ತಡ ಇಳಿದು ತಲೆ ಸುತ್ತುವುದು ಸಾಮಾನ್ಯ, ಆಗ ರೈಲಿನಲ್ಲಿ ನಿಲ್ಲಿಸುವುದು ಬೇಡ. ಹೋಗುವಾಗ ಮೆಟ್ರೋ, ಬರುವಾಗ ಕ್ಯಾಬ್ ಎಂದು ಮಾಡಿಕೊಂಡ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಚಿಕಿತ್ಸೆಗೆಂದು ಎತ್ತಿಟ್ಟ ಹಣವನ್ನು ಕಾರಿನ ಮುಂಗಡಕ್ಕೆ ಹಾಕಬೇಡಿ. ಕೌಂಟರಿನಲ್ಲಿ ನಿಂತು ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ, ಏಕೆಂದರೆ ಕಂತು ಕಟ್ಟಿದ ತಿಂಗಳು ಎರಿತ್ರೊಪೊಯೆಟಿನ್ ಇಂಜೆಕ್ಷನ್ “ಮುಂದಿನ ವಾರ ತಗೋತೀನಿ” ಎಂದು ಹೋದವರನ್ನು ನೋಡಿದ್ದೇನೆ.

ಚಾರ್ಜಿಂಗ್ ಎಲ್ಲಿ?

ದಿಲ್‌ಸುಖ್‌ನಗರದಲ್ಲಿ ಎಲ್ಲ ತೀರ್ಮಾನವೂ ಇಲ್ಲಿಗೆ ಬಂದು ನಿಲ್ಲುತ್ತದೆ. ಕೋಚಿಂಗ್ ಸೆಂಟರು, ಹಾಸ್ಟೆಲು, ಗಲ್ಲಿಯ ಎರಡೂ ಬದಿ ನಿಂತ ಬೈಕು. ಹಳೆಯ ಅಪಾರ್ಟ್‌ಮೆಂಟಿನ ಕೆಳಗೆ ಎಂಟು ಮನೆಗೆ ಐದು ಕಾರಿನ ಜಾಗ. ನಿಮಗೆ ನಿಮ್ಮದೇ ಎಂಬ ಪಾರ್ಕಿಂಗ್ ಇಲ್ಲದಿದ್ದರೆ ನನ್ನ ಸಲಹೆ ಸರಳ: ಎಲೆಕ್ಟ್ರಿಕ್ ಬೇಡ, ಪೆಟ್ರೋಲೇ ಇರಲಿ. ರೋಗಿಯನ್ನು ಮನೆಯಲ್ಲಿ ಬಿಟ್ಟು ಸಾರ್ವಜನಿಕ ಚಾರ್ಜರ್ ಮುಂದೆ ಗಂಟೆಗಟ್ಟಲೆ ಕಾಯಲು ಆರೈಕೆ ಮಾಡುವವರಿಗೆ ಆಗುವುದಿಲ್ಲ. ಅಲ್ಲಿ ದರವೂ ಮನೆಯ ದರಕ್ಕಿಂತ ಹೆಚ್ಚು.

ಪಾರ್ಕಿಂಗ್ ಇದ್ದರೆ, ಮನೆಯ ಮೀಟರಿನಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಲು ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಅಪಾರ್ಟ್‌ಮೆಂಟ್ ಸಂಘದವರು ಮುಖ ಗಂಟಿಕ್ಕಿದರೆ ಅದನ್ನು ತೋರಿಸಿ. 15 ಆಂಪಿಯರ್ ಸಾಕೆಟ್ ಸಾಕು. 30 ಯೂನಿಟ್ ಹಿಡಿಯುವ ಬ್ಯಾಟರಿ ಖಾಲಿಯಿಂದ ತುಂಬಲು 10–12 ಗಂಟೆ, ಅಂದರೆ ಒಂದು ರಾತ್ರಿ.

ಈಗ ಗಮನವಿಟ್ಟು ಓದಿ, ಮನೆಯಲ್ಲಿ ಕಾನ್ಸಂಟ್ರೇಟರ್ ಇರುವವರಿಗೆ ಇದು ಮುಖ್ಯ. ಹಳೆಯ ಫ್ಲ್ಯಾಟ್‌ಗಳ ಮಂಜೂರಾದ ಲೋಡ್ ಎಷ್ಟೋ ಕಡೆ 2 ಕಿಲೋವ್ಯಾಟ್ ಮಾತ್ರ. ಕಾರಿನ ಸಾಕೆಟ್ ಒಂದೇ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಎಸಿ, ಗೀಸರ್, ಕಾರು ಒಟ್ಟಿಗೆ ನಡೆದರೆ ಎಂಸಿಬಿ ಬೀಳುತ್ತದೆ. ಅದರ ಜೊತೆಗೆ ಆಮ್ಲಜನಕದ ಯಂತ್ರವೂ ನಿಲ್ಲುತ್ತದೆ, ಅದೂ ನೀವು ನಿದ್ದೆಯಲ್ಲಿರುವಾಗ. ಆದ್ದರಿಂದ ಮೊದಲು ವಿದ್ಯುತ್ ಕಂಪನಿಯಲ್ಲಿ ಲೋಡ್ ಹೆಚ್ಚಿಸಿ. ಕಾರಿಗೆ ಮೀಟರಿನಿಂದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ, ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಕೆಳಗೆ ಕಾರಿನಲ್ಲಿ ಸಣ್ಣ ಸೋರಿಕೆ ಆದರೂ ಮೇಲೆ ಕೋಣೆ ಕತ್ತಲಾಗುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸದೆ ಕೆಲಸ ಮುಗಿಸುವ ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡಬೇಡಿ.

ಇದೇ ವಿಷಯದಲ್ಲಿ ಎಲೆಕ್ಟ್ರಿಕ್ ಕಾರಿನ ದೊಡ್ಡ ಅನುಕೂಲವೂ ಇದೆ. ಕೆಲವು ಮಾದರಿಗಳಲ್ಲಿ ಕಾರಿನ ಬ್ಯಾಟರಿಯಿಂದ ಹೊರಗಿನ ಉಪಕರಣ ನಡೆಸುವ ಸೌಲಭ್ಯವಿದೆ, ಇದನ್ನು ವಿ2ಎಲ್ ಎನ್ನುತ್ತಾರೆ. 5 ಲೀಟರಿನ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ತೆಗೆದುಕೊಳ್ಳುತ್ತದೆ. ಹತ್ತು ಗಂಟೆಗೆ ಮೂರೂವರೆ ಯೂನಿಟ್. 30 ಯೂನಿಟ್ ಬ್ಯಾಟರಿಗೆ ಅದು ದೊಡ್ಡ ಹೊರೆಯಲ್ಲ. ಬೇಸಿಗೆಯ ಗಾಳಿಮಳೆಗೆ ರಾತ್ರಿಯಿಡೀ ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಕಾರು ಕೊಳ್ಳುವ ಮೊದಲು ನಿಮ್ಮ ಯಂತ್ರವನ್ನೇ ತೆಗೆದುಕೊಂಡು ಹೋಗಿ ಜೋಡಿಸಿ ನೋಡಿ. ಮೂರನೇ ಮಹಡಿಯವರು ಎಷ್ಟು ದಪ್ಪದ, ಎಷ್ಟು ಉದ್ದದ ಕೇಬಲ್ ಎಂದು ಕೇಳಿಕೊಳ್ಳಿ. ಸಿಲಿಂಡರ್ ಮಾತ್ರ ಮನೆಯಲ್ಲಿ ಇದ್ದೇ ಇರಬೇಕು. ಪೆಟ್ರೋಲ್ ಕಾರಿನವರು ಇದೇ ಉಪಾಯವನ್ನು ಇಂಜಿನ್ ಚಾಲೂ ಇಟ್ಟು ಮಾಡಲು ಹೋಗಬೇಡಿ. ಮುಚ್ಚಿದ ಪಾರ್ಕಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆ ಇಲ್ಲ, ಮೇಲಿನ ಮನೆಗೂ ಏರುತ್ತದೆ.

ಕಾರಿನೊಳಗೆ ರೋಗಿ

ಪೇಸ್‌ಮೇಕರ್ ಇರುವವರು ಹೆಚ್ಚು ಹೆದರಿ ಕೇಳುತ್ತಾರೆ. ಜರ್ಮನಿಯ ಮ್ಯೂನಿಕ್‌ನ ವೈದ್ಯರು ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಇದ್ದ 108 ಮಂದಿಯನ್ನು ನಾಲ್ಕು ಬಗೆಯ ಎಲೆಕ್ಟ್ರಿಕ್ ಕಾರುಗಳಲ್ಲಿ ಕೂರಿಸಿ, ಚಾರ್ಜ್ ಮಾಡಿಸಿ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 130 ಮಂದಿ ಹೆಚ್ಚು ಶಕ್ತಿಯ ವೇಗದ ಚಾರ್ಜರ್‌ಗಳನ್ನು ಬಳಸಿದರು, ಆಗಲೂ ಅದೇ ಫಲಿತಾಂಶ. ಆದರೂ ಚಾರ್ಜಿಂಗ್ ಕೇಬಲ್ಲನ್ನು ಎದೆಗೆ ಒತ್ತಿ ಹಿಡಿಯುವುದು, ಚಾರ್ಜರ್ ಪೆಟ್ಟಿಗೆಗೆ ಒರಗಿ ನಿಲ್ಲುವುದು ಬೇಡ. ಕಾರಿನ ರಿಮೋಟ್ ಕೀಯನ್ನು ಪೇಸ್‌ಮೇಕರ್ ಇರುವ ಬದಿಯ ಅಂಗಿ ಜೇಬಿನಲ್ಲಿ ಇಡಬೇಡಿ. ಈ ಮಾತು ಪೆಟ್ರೋಲ್ ಕಾರಿಗೂ ಅನ್ವಯ.

ಕೀಮೋ ತೆಗೆದುಕೊಂಡವರಿಗೆ ಬೇರೆ ಕಷ್ಟ. ಎಲೆಕ್ಟ್ರಿಕ್ ಕಾರಿನಲ್ಲಿ ಸದ್ದಿಲ್ಲ, ನಡುಕವಿಲ್ಲ, ಬೆನ್ನಿನ ಶಸ್ತ್ರಚಿಕಿತ್ಸೆ ಆದವರಿಗೆ ಹಿತ. ಆದರೆ ಆಕ್ಸಿಲರೇಟರ್ ಬಿಟ್ಟ ಕೂಡಲೇ ಕಾರು ತಾನೇ ತಡೆದುಕೊಳ್ಳುವ ರೀಜನ್ ವ್ಯವಸ್ಥೆಯಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ರೀಜನ್ ಮಟ್ಟವನ್ನು ಅತಿ ಕಡಿಮೆಗೆ ಇಳಿಸಿ, ರೋಗಿಯನ್ನು ಮುಂದೆ ಕೂರಿಸಿ. ಕೀಮೋ ವಾಂತಿಗೆ ಕೊಟ್ಟ ಆಂಡಾನ್‌ಸೆಟ್ರಾನ್ ಪ್ರಯಾಣದ ವಾಕರಿಕೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಬೇರೆ ಮಾತ್ರೆಯನ್ನು ನೀವೇ ಸೇರಿಸಬೇಡಿ, ವೈದ್ಯರನ್ನು ಕೇಳಿ.

ಬ್ಯಾಟರಿ ನೆಲದಡಿ ಇರುವುದರಿಂದ ಕೆಲವು ಕಾರುಗಳ ನೆಲ ಎತ್ತರ. ಮೊಣಕಾಲು ಬದಲಿಸಿಕೊಂಡವರನ್ನು ಶೋರೂಮಿಗೇ ಕರೆದೊಯ್ದು ಹತ್ತಿಸಿ ಇಳಿಸಿ ನೋಡಿ. ಮಡಚಿದ ಗಾಲಿಕುರ್ಚಿ ಡಿಕ್ಕಿಯಲ್ಲಿ ಹಿಡಿಸುತ್ತದೆಯೇ ಎಂಬುದನ್ನೂ ಅಲ್ಲೇ ನೋಡಬೇಕು. ಸಣ್ಣ ಎಲೆಕ್ಟ್ರಿಕ್ ಕಾರುಗಳಲ್ಲಿ ಕೆಲವಕ್ಕೆ ಸ್ಟೆಪ್ನಿಯೇ ಇಲ್ಲ, ಪಂಚರ್ ಕಿಟ್ ಮಾತ್ರ. ಸಿಎನ್‌ಜಿ ನೋಡುತ್ತಿದ್ದರೆ, ಎಷ್ಟೋ ಮಾದರಿಗಳಲ್ಲಿ ಸಿಲಿಂಡರೇ ಡಿಕ್ಕಿಯನ್ನು ತಿಂದಿರುತ್ತದೆ.

ಇನ್ಸುಲಿನ್ ಬಗ್ಗೆ ಒಂದು ಮಾತು. ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರು, ಯಾವ ಕಾರಾದರೂ ಸರಿ, ಒಲೆಯೇ. ಬಳಕೆಯಲ್ಲಿರುವ ಪೆನ್ನು 30 ಡಿಗ್ರಿ ಮೀರಬಾರದು. ಎಲೆಕ್ಟ್ರಿಕ್ ಕಾರಿನಲ್ಲಿ ನಿಂತಲ್ಲೇ ಎಸಿ ಹಾಕಿಕೊಂಡು ಹೊಗೆಯಿಲ್ಲದೆ ಕಾಯಬಹುದು, ಹೊರಡುವ ಮೊದಲೇ ಫೋನಿನಿಂದ ತಂಪು ಮಾಡಿಡಬಹುದು. ಆದರೂ ಔಷಧಿ ನಿಮ್ಮ ಕೈಚೀಲದಲ್ಲೇ ಇರಲಿ.

ಊರಿಗೆ ಹೋಗುವಾಗ

ರಾಯಚೂರಾಗಲಿ ಕಲಬುರಗಿಯಾಗಲಿ ಇಲ್ಲಿಂದ 220 ಕಿ.ಮೀ. ಆಸುಪಾಸು, ಬೀದರ್ 140. ಕಂಪನಿ 300 ಎಂದ ಕಾರು ಎಸಿ ಹಾಕಿ ಹೆದ್ದಾರಿಯಲ್ಲಿ 200 ಕೊಟ್ಟರೆ ಸಮಾಧಾನಪಡಿ. ಬೀದರ್‌ಗೆ ಒಂದೇ ಓಟ. ಉಳಿದೆರಡಕ್ಕೆ ನಡುವೆ ಒಮ್ಮೆ ನಿಲ್ಲಬೇಕು, ವೇಗದ ಚಾರ್ಜರ್‌ನಲ್ಲೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಫ್ಯೂರೋಸೆಮೈಡ್ ತೆಗೆದುಕೊಳ್ಳುವವರ ಜೊತೆ ಪ್ರಯಾಣ ಮಾಡಿದವರಿಗೆ ಗೊತ್ತು, ಕಾರಿಗಿಂತ ಮೊದಲು ಅವರೇ ನಿಲ್ಲಿಸುತ್ತಾರೆ. ಆದರೆ ಚಾರ್ಜರ್ ಕೆಟ್ಟಿದ್ದರೆ ಅಥವಾ ಮುಂದೆ ಎರಡು ಕಾರು ನಿಂತಿದ್ದರೆ ಮರುದಿನದ ಡಯಾಲಿಸಿಸ್ ಸರದಿಗೇ ತೊಂದರೆ. ತಿಂಗಳಿಗೆರಡು ಸಲ ಊರಿಗೆ ಹೋಗುವವರಿಗೆ ಪೆಟ್ರೋಲ್ ಕಾರಿನ ಐದು ನಿಮಿಷದ ನೆಮ್ಮದಿಯೂ ಲೆಕ್ಕಕ್ಕೆ ಬರಬೇಕು.

ಬೆಂಕಿಯ ಭಯ ಸುಮ್ಮನೆ ಹುಟ್ಟಿದ್ದಲ್ಲ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಕೆಳಗೆ ಇ-ಸ್ಕೂಟರ್ ಶೋರೂಂ, ಮೇಲೆ ಹೋಟೆಲ್ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಎಂಟು ಮಂದಿ ಸತ್ತರು. ಹೊಗೆ ಮೆಟ್ಟಿಲಿನ ಮೂಲಕವೇ ಮೇಲೇರಿತ್ತು. ಅಲ್ಲಿದ್ದುದು ಕಾರಲ್ಲ, ಸ್ಕೂಟರ್‌ಗಳು. ಆಮೇಲೆ ಬ್ಯಾಟರಿ ಸುರಕ್ಷತೆಯ ನಿಯಮಗಳೂ ಬಿಗಿಯಾಗಿವೆ. ಆದರೂ ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಮೆಟ್ಟಿಲಿನ ಬುಡದಲ್ಲಿ ಯಾವ ವಾಹನವನ್ನೂ ಚಾರ್ಜ್ ಮಾಡಬೇಡಿ, ಸ್ಕೂಟರ್ ಬ್ಯಾಟರಿಯನ್ನು ಮಲಗುವ ಕೋಣೆಗೆ ತರಬೇಡಿ. ಆಮ್ಲಜನಕ ಇರುವ ಕೋಣೆಯಲ್ಲಂತೂ ಬೇಡವೇ ಬೇಡ.

ಆಸ್ತಮಾ ಇರುವವರು “ಕಾರು ಬದಲಿಸಿದರೆ ಉಸಿರಾಟ ಸುಧಾರಿಸುತ್ತದಾ?” ಎನ್ನುತ್ತಾರೆ. ನಿಮ್ಮ ಒಂದು ಕಾರಿನಿಂದ ನಿಮ್ಮ ಎದೆಗೆ ವ್ಯತ್ಯಾಸವಾಗದು. ಎಲೆಕ್ಟ್ರಿಕ್ ಕಾರಿಗೆ ಹೊಗೆಕೊಳವೆ ಇಲ್ಲ, ಆದರೆ ಟೈರಿನ ಪುಡಿ, ರಸ್ತೆಯ ದೂಳು ಇದ್ದೇ ಇರುತ್ತದೆ, ನಮ್ಮ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದಲೇ ಬರುತ್ತದೆ. ಬಸ್ಸುಗಳು ಬದಲಾದರೆ ಬೀದಿಗೆ ವ್ಯತ್ಯಾಸ ಬರಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿ ಪಿಎಂ ಇ-ಡ್ರೈವ್ ಅಡಿ ಹೈದರಾಬಾದಿಗೆ 2,000 ಎಲೆಕ್ಟ್ರಿಕ್ ಬಸ್ಸುಗಳನ್ನು ಹಂಚಿದರು. ಅವು ನಮ್ಮ ಡಿಪೋಗೆ ಬರುವುದನ್ನು ನಾನೂ ಕಾಯುತ್ತಿದ್ದೇನೆ.

ಎದೆನೋವು, ಪಾರ್ಶ್ವವಾಯು, ಉಸಿರು ಕಟ್ಟುವುದು: ಇಂಥ ಹೊತ್ತಿನಲ್ಲಿ ಮನೆಯ ಕಾರು ಯಾವುದೆಂಬ ಪ್ರಶ್ನೆಯೇ ಬೇಡ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ನಲ್ಲಿ ಆಮ್ಲಜನಕ ಇರುತ್ತದೆ, ನಿಮ್ಮ ಕಾರಿನಲ್ಲಿ ಇರುವುದಿಲ್ಲ.

ರಾಯಚೂರಿನ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಸ್ವಂತ ಪಾರ್ಕಿಂಗ್ ಇದೆ, ತಿಂಗಳಿಗೆ 600 ಕಿ.ಮೀ. ಓಟ ಇದೆ, ಊರಿಗೆ ಹೋಗುವುದು ವರ್ಷಕ್ಕೆ ಮೂರು ಸಲ. ಅವರ ಮಟ್ಟಿಗೆ ಎಲೆಕ್ಟ್ರಿಕ್ ಸರಿಯೇ, ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿ.ಮೀ. ವಾರಂಟಿ ಬರೆದುಕೊಟ್ಟರೆ, ಆರು ತಿಂಗಳ ಔಷಧಿಯ ಹಣ ಬ್ಯಾಂಕಿನಲ್ಲಿ ಮುಟ್ಟದೆ ಉಳಿದರೆ. “ಆರು ತಿಂಗಳದ್ದು ಇಲ್ಲ ಮೇಡಂ, ಎರಡು ತಿಂಗಳದ್ದು ಐತಿ,” ಎಂದರು. ಹಾಗಾದರೆ ಸದ್ಯ ಬೇಡ ಎಂದೆ. ಹೋದ ವಾರ ಬಂದಾಗ ಕೈಯಲ್ಲಿ ಲೋಡ್ ಹೆಚ್ಚಿಸುವ ಅರ್ಜಿಯ ರಸೀದಿ ಇತ್ತು. ಕಾರು ಯಾವಾಗಲಾದರೂ ಬರಲಿ, ಅವ್ವನ ಯಂತ್ರಕ್ಕಾದರೂ ಈಗ ಬೇಕು ಅಂದರು.