ದೊರೆಗೆ ಹುಚ್ಚು, ಪಿಟೀಲಿಗೆ ಸಾವು!

ನಮ್ಮ ಸಿನಿಮಾದಲ್ಲಿ ಹುಚ್ಚಿನ ಸೀನು ಅಂದ್ರೆ ಏನು ಗುರುವೇ? ತಲೆ ಕೆದರಿರಬೇಕು, ಕಣ್ಣು ಗಿರಗಿರ ತಿರುಗಬೇಕು, ಹಹ್ಹಹ್ಹಾ ಅಂತ ಒಂದು ನಗೆ. ಉಳಿದದ್ದನ್ನು ಹಿನ್ನೆಲೆ ಸಂಗೀತದವರು ನೋಡಿಕೊಳ್ತಾರೆ. ಗಾಂಧಿ ಕ್ಲಾಸಿನಿಂದ ಶಿಳ್ಳೆ ಬಿತ್ತೋ, ನಟ ಗೆದ್ದ!

ಈ ಲೆಕ್ಕವನ್ನೇ ತಲೆಕೆಳಗು ಮಾಡಿದ ಒಂದು ಸಂಗೀತ ನಾಟಕದ ಕಥೆ ಈ ವಾರ ಹೇಳ್ತೀನಿ. ಹೆಸರು 'ಏಟ್ ಸಾಂಗ್ಸ್ ಫಾರ್ ಎ ಮ್ಯಾಡ್ ಕಿಂಗ್'. ಅಂದರೆ ಹುಚ್ಚು ದೊರೆಗೆ ಎಂಟು ಹಾಡು. 1969ರ ಏಪ್ರಿಲ್‌ನಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಮೊದಲ ಪ್ರದರ್ಶನ. ಸಂಗೀತ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್‌ನದು. ಕೆನ್ ರಸೆಲ್‌ನ 'ದಿ ಡೆವಿಲ್ಸ್' (1971) ಚಿತ್ರಕ್ಕೆ ಸಂಗೀತ ಕೊಟ್ಟವನೂ ಇವನೇ. ಮಾತು ಹೆಣೆದವನು ಆಸ್ಟ್ರೇಲಿಯದ ಸಾಹಿತಿ ರ‍್ಯಾಂಡಾಲ್ಫ್ ಸ್ಟೋ. ಒಬ್ಬ ನಟ, ಆರು ಜನ ವಾದ್ಯಗಾರರು, ಸುಮಾರು ಅರ್ಧ ಗಂಟೆ. ಅಷ್ಟೇ!

ದೊರೆ ಯಾರು ಗೊತ್ತೇ? ಇಂಗ್ಲೆಂಡಿನ ಮೂರನೆಯ ಜಾರ್ಜ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಅಲ್ಲಿ ಸಿಂಹಾಸನದ ಮೇಲಿದ್ದವನು ಇವನೇ. ಅಂಥವನಿಗೆ ಬುದ್ಧಿಭ್ರಮಣೆ. ಎಂಟು ಟ್ಯೂನು ನುಡಿಸುವ ಪುಟ್ಟ ಯಂತ್ರದ ಆರ್ಗನ್ ಇಟ್ಟುಕೊಂಡು, ಪಂಜರದ ಹಕ್ಕಿಗಳಿಗೆ ಹಾಡು ಕಲಿಸಲು ಹೊರಟಿದ್ದನಂತೆ!

ಡೇವಿಸ್‌ನ ಕರಾಮತ್ತು ನೋಡಿ. ಕೊಳಲು, ಕ್ಲಾರಿನೆಟ್, ಪಿಟೀಲು, ಚೆಲ್ಲೋ ನುಡಿಸುವ ನಾಲ್ವರೇ ಆ ಹಕ್ಕಿಗಳು. ಅವರನ್ನು ದೊಡ್ಡ ಪಂಜರಗಳಲ್ಲಿ ಕೂರಿಸಿದ. ಡ್ರಮ್ ಬಡಿಯುವವನು ದೊರೆಯ ಕಾವಲುಗಾರ. ದೊರೆಯ ಪಾತ್ರ ಮೊದಲು ಮಾಡಿದವನು ರಾಯ್ ಹಾರ್ಟ್. ಹಾಡಿದರೆ ಸಾಲದು, ಕಿರುಚಬೇಕು, ಊಳಿಡಬೇಕು, ಪಿಸುಗುಟ್ಟಬೇಕು, ಹೆಣ್ಣುದನಿಯ ಎತ್ತರಕ್ಕೂ ಏರಬೇಕು. ರೆಕಾರ್ಡಿನಲ್ಲಿ ಕೇಳಿದ ನಾನು ಹೇಳ್ತೀನಿ, ಮೊದಮೊದಲು ನಗು ಬರುತ್ತೆ. ಆಮೇಲೆ ಆ ಮಾತುಗಳಲ್ಲಿ ಎಷ್ಟೋ ದೊರೆಯೇ ನಿಜವಾಗಿ ಆಡಿದವು ಅಂತ ತಿಳಿದಾಗ ಎದೆ ಝಲ್ ಅನ್ನುತ್ತೆ.

ಏಳನೆಯ ಹಾಡಿನಲ್ಲಿ ಹ್ಯಾಂಡೆಲ್‌ನ ದೈವಭಕ್ತಿಯ ಸಂಗೀತ ಕೆಟ್ಟು ಡ್ಯಾನ್ಸ್ ಟ್ಯೂನಾಗುತ್ತೆ. ದೊರೆ ಪಂಜರದೊಳಗೆ ಕೈಹಾಕಿ ಪಿಟೀಲು ಕಸಿದು ಒಡೆದುಹಾಕ್ತಾನೆ. ಬರೀ ಕೋಪವಲ್ಲ ಸ್ವಾಮಿ, ತನ್ನೊಳಗೆ ಉಳಿದಿದ್ದ ಒಂದು ಚೂರನ್ನು ತಾನೇ ಕೊಂದ ಹಾಗೆ. ಎಂಟನೆಯ ಹಾಡಿನಲ್ಲಿ ತನ್ನ ಸಾವನ್ನು ತಾನೇ ಸಾರುತ್ತಾನೆ. ಕಾವಲುಗಾರ ಡ್ರಮ್ ಬಡಿಯುತ್ತ ಅವನನ್ನು ಹೊರಗಟ್ಟುತ್ತಾನೆ, ಊಳು ದೂರವಾಗುತ್ತೆ.

1994ರ 'ದಿ ಮ್ಯಾಡ್‌ನೆಸ್ ಆಫ್ ಕಿಂಗ್ ಜಾರ್ಜ್' ಚಿತ್ರದಲ್ಲಿ ಇದೇ ದೊರೆ ಕೊನೆಗೆ ಚೇತರಿಸಿಕೊಳ್ತಾನೆ. ನೋಡಿದವರು ನೆಮ್ಮದಿಯಿಂದ ಮನೆಗೆ ಹೋಗಬಹುದು. ಡೇವಿಸ್ ಆ ನೆಮ್ಮದಿ ಕೊಡೋದಿಲ್ಲ. ಚರಿತ್ರೆಯೂ ಕೊಡಲಿಲ್ಲ. ಕಣ್ಣೂ ಹೋಗಿ, ವಿಂಡ್ಸರ್ ಅರಮನೆಯಲ್ಲೇ ಬಂದಿಯ ಹಾಗೆ ಬದುಕಿ ದೊರೆ ಸತ್ತದ್ದು 1820ರಲ್ಲಿ.

ಅವನ ಕಾಲದಲ್ಲೇ ಲಂಡನ್ನಿನ ಜನ ಬೆಡ್ಲಮ್ ಆಸ್ಪತ್ರೆಗೆ ಹುಚ್ಚರನ್ನು ನೋಡಿ ಮಜಾ ಮಾಡಲು ಹೋಗುತ್ತಿದ್ದರು. ಅವರಿಗೂ ಟಾಕೀಸಿನಲ್ಲಿ ಕೂತ ನಮಗೂ ಏನು ವ್ಯತ್ಯಾಸ, ನೀವೇ ಹೇಳಿ. ಮುಂದಿನ ಸಲ ತೆರೆಯ ಮೇಲೆ ಹುಚ್ಚ ನಕ್ಕಾಗ ಶಿಳ್ಳೆ ಹೊಡೀರಿ, ಬೇಡ ಅನ್ನಲ್ಲ. ಆದರೆ ಒಂದು ಕಿವಿ ಆ ಮುರಿದ ಪಿಟೀಲಿನ ಕಡೆಗಿರಲಿ!