ಸರಕು ಸಾಗಾಣಿಕೆಯಲ್ಲಿ ಮೋಸವೂ ಅದರ ನಿವಾರಣೆಯೂ

ಬೆಳೆಯನ್ನು ಬೆಳೆಯುವುದರಲ್ಲಿ ಎಷ್ಟು ಎಚ್ಚರಿಕೆ ಬೇಕೋ, ಬೆಳೆದುದನ್ನು ಕೊಂಡವನ ಕೈಗೆ ಸುರಕ್ಷಿತವಾಗಿ ಸೇರಿಸುವುದರಲ್ಲಿಯೂ ಅಷ್ಟೇ ಎಚ್ಚರಿಕೆ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ನಮ್ಮ ಮಲೆನಾಡಿನಲ್ಲಿ ಈ ಎರಡನೆಯ ಎಚ್ಚರಿಕೆಯು ಮೊದಲನೆಯದಕ್ಕೆ ಸಮನಾಗಿ ಬೆಳೆದಂತೆ ಕಾಣುವುದಿಲ್ಲ. ಕೊಳೆರೋಗವು ತಗಲದಂತೆ ಹೊತ್ತಿಗೆ ಸರಿಯಾಗಿ ಬೋರ್ಡೋ ದ್ರಾವಣವನ್ನು ಸಿಂಪಡಿಸಿ, ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಹಸ, ಬೆಟ್ಟೆ, ರಾಶಿ ಇಡಿ ಎಂದು ವಿಂಗಡಿಸಿದ ಅಡಿಕೆಯು ಕಡೆಗೆ ಯಾರದೆಂದು ಅರಿಯದ ಲಾರಿಯನ್ನೇರಿ ಹೊರಟುಹೋಗುವುದುಂಟು.

ಇದರಲ್ಲಿ ಅಪಾಯಕ್ಕೊಳಗಾಗುವ ಹಣವು ಅಲ್ಪವಲ್ಲ. ೨೦೨೩ರಲ್ಲಿ ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಯ ಧಾರಣೆಯು ಕ್ವಿಂಟಾಲಿಗೆ ೫೦,೦೦೦ ರೂಪಾಯಿಗಳನ್ನು ಮೀರಿತ್ತು. ಆ ಲೆಕ್ಕದಂತೆ ಹತ್ತು ಟನ್ನುಗಳ ಒಂದು ಲಾರಿಯಲ್ಲಿ ಅರ್ಧ ಕೋಟಿ ರೂಪಾಯಿಗಳ ಸರಕು ಇರುತ್ತದೆ. ಉತ್ತರದ ರಾಜ್ಯಗಳಿಗೆ ಹೊರಟ ಅಡಿಕೆಯ ಲಾರಿಗಳು ದಾರಿಯಲ್ಲಿಯೇ ಕಣ್ಮರೆಯಾದ ಪ್ರಕರಣಗಳು ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿಯೇ ದಾಖಲಾಗಿವೆ. ನಷ್ಟವು ವರ್ತಕನದು, ನಮಗೇನೆಂದು ಕೆಲವು ತೋಟದ ಯಜಮಾನರು ಭಾವಿಸಬಹುದು. ಆದರೆ ಸರಕನ್ನು ಕಳೆದುಕೊಂಡ ವರ್ತಕನು, ಸಾಲವಾಗಿ ಅಡಿಕೆಯನ್ನು ಕೊಟ್ಟ ರೈತನಿಗೆ ಹಣವನ್ನು ಎಲ್ಲಿಂದ ತಂದಾನು? ಹೆದ್ದಾರಿಯಲ್ಲಿ ನಡೆದ ಕಳವು ಹಳ್ಳಿಯ ಮನೆಯ ಒಲೆಯನ್ನು ಮುಟ್ಟದೆ ಇರಲಾರದು.

ಬೀರೂರಿನಿಂದ ಶಿವಮೊಗ್ಗಕ್ಕೆ ೧೮೯೯ರಲ್ಲಿ ರೈಲು ಬಂದಿತು. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿತು. ಆ ಕಾಲದಲ್ಲಿ ರೈಲಿಗೆ ಸರಕನ್ನು ಒಪ್ಪಿಸಿದವನಿಗೆ ರಶೀದಿಯು ದೊರೆಯುತ್ತಿತ್ತು. ರಶೀದಿಯನ್ನು ಕೊಟ್ಟ ಅಧಿಕಾರಿಯು ಮಾರನೆಯ ದಿನವೂ ಅದೇ ನಿಲ್ದಾಣದಲ್ಲಿ ಸಿಕ್ಕುತ್ತಿದ್ದನು. ಈಗಲಾದರೋ ಲಾರಿಯು ದೂರವಾಣಿಯ ಮಾತಿನಿಂದಲೇ ಗೊತ್ತಾಗುತ್ತದೆ. ಗೊತ್ತುಮಾಡಿದ ದಲ್ಲಾಳಿಯ ಮುಖವನ್ನು ಕಂಡವರಿಲ್ಲ. ಅವನ ಊರನ್ನು ಬಲ್ಲವರಿಲ್ಲ.

ಮೋಸದ ಕ್ರಮವು ಹೀಗಿರುತ್ತದೆ. ಬೇರೊಂದು ನಿಜವಾದ ಲಾರಿಯ ನಂಬರನ್ನು ಬರೆದ ಫಲಕವನ್ನು ಕಳ್ಳನು ತನ್ನ ಲಾರಿಗೆ ಕಟ್ಟುತ್ತಾನೆ. ನೋಂದಣಿಯ ಪತ್ರವೂ ಚಾಲಕನ ಪರವಾನಗಿಯೂ ಕೃತ್ರಿಮವಾದುವು. ಬಾಡಿಗೆಯು ಪೇಟೆಯ ದರಕ್ಕಿಂತ ಸ್ವಲ್ಪ ಕಡಿಮೆ. ಲಾರಿ ಹೊರಟ ಎರಡು ದಿವಸ ದೂರವಾಣಿಗೆ ಉತ್ತರ ಬರುತ್ತದೆ. ಮೂರನೆಯ ದಿನ ನಿಂತುಹೋಗುತ್ತದೆ. ಇನ್ನು ಕೆಲವೆಡೆ ಲಾರಿಯೂ ಚಾಲಕನೂ ನಿಜವಾದವರೇ ಆಗಿದ್ದು, ಇಳಿಸುವ ಸ್ಥಳವು ಬದಲಾಗಿದೆಯೆಂದು ಕೊಂಡವನ ಹೆಸರಿನಲ್ಲಿ ಸುಳ್ಳು ಸಂದೇಶವು ಬರುತ್ತದೆ. ಈ ಎಲ್ಲ ರೀತಿಗಳಲ್ಲಿಯೂ ಕಳವು ನಡೆಯುವುದು ಬಂದೂಕಿನಿಂದಲ್ಲ, ಕಾಗದದಿಂದ. ಆದುದರಿಂದ ಕಾವಲು ಇರಬೇಕಾದ ಸ್ಥಳವು ಹೆದ್ದಾರಿಯಲ್ಲ. ಮೂಟೆಯನ್ನು ಎತ್ತುವ ನಮ್ಮ ಅಂಗಳವೇ ಎಂಬುದು ನಮ್ಮ ಅಭಿಪ್ರಾಯ.

ಕಾನೂನು ಇದೆಯಲ್ಲವೇ ಎಂದು ಕೇಳಬಹುದು. ೧೮೬೫ರ ಹಳೆಯ ಕಾಯಿದೆಯ ಸ್ಥಾನದಲ್ಲಿ ರಸ್ತೆ ಸಾಗಾಣಿಕೆಯ ೨೦೦೭ರ ಕಾಯಿದೆಯು ೨೦೧೧ರ ಮಾರ್ಚಿ ೧ರಿಂದ ಜಾರಿಯಲ್ಲಿದೆ. ಇದರಂತೆ ಸಾಗಾಣಿಕೆದಾರನು ನೋಂದಣಿಯನ್ನು ಪಡೆದಿರತಕ್ಕದ್ದು. ಕಳುಹಿಸುವವನು ಸರಕಿನ ಬೆಲೆಯನ್ನು ಕಾಣಿಸಿ ರವಾನೆಯ ಪತ್ರವನ್ನು ಬರೆದುಕೊಡತಕ್ಕದ್ದು. ಹೆಚ್ಚಿನ ಹೊಣೆಯ ದರವನ್ನು ಕೊಡಲು ಒಪ್ಪದಿದ್ದಲ್ಲಿ ಸಾಗಾಣಿಕೆದಾರನ ಹೊಣೆಯು ಸಾಮಾನ್ಯವಾಗಿ ಬಾಡಿಗೆಯ ಹತ್ತರಷ್ಟಕ್ಕೆ ನಿಲ್ಲುತ್ತದೆ. ಬಾಡಿಗೆಯು ೬೦,೦೦೦ ರೂಪಾಯಿಗಳಾದರೆ ಪರಿಹಾರವು ೬ ಲಕ್ಷ. ಹೋದ ಸರಕು ೫೦ ಲಕ್ಷದ್ದು. ದಾವೆಯ ಮೊದಲು ಕೊಡಬೇಕಾದ ಲಿಖಿತ ನೋಟೀಸಿಗೂ ಸರಕನ್ನು ಒಪ್ಪಿಸಿದಂದಿನಿಂದ ೧೮೦ ದಿನಗಳ ಮಿತಿಯುಂಟು. ಇಷ್ಟಾಗಿಯೂ ಹೊಣೆಯನ್ನು ಹೊರಬೇಕಾದ ಮನುಷ್ಯನೇ ಸುಳ್ಳು ಹೆಸರಿನವನಾದರೆ ಕಾನೂನು ಯಾರನ್ನು ಹಿಡಿದೀತು? ೨೦೧೮ರ ಏಪ್ರಿಲ್ ೧ರಿಂದ ಬಂದಿರುವ ಇ-ವೇ ಬಿಲ್ಲನ್ನೂ ಕೆಲವರು ರಕ್ಷಾಪತ್ರವೆಂದು ನಂಬುವುದುಂಟು. ಅದು ತೆರಿಗೆಯ ಪತ್ರವೇ ಹೊರತು ಚಾಲಕನ ನಡತೆಯ ಪತ್ರವಲ್ಲ.

ಲೆಕ್ಕಪತ್ರಗಳು ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ ಕಳ್ಳನು ಅಂಗಳಕ್ಕೆ ಬಾರದೆಯೇ ಒಳಹೋಗಬಲ್ಲನು. ಇಂಗ್ಲೆಂಡಿನಲ್ಲಿ ೧೮೬೫ರಲ್ಲಿ ಒಂದು ಕುದುರೆಗಾಡಿಯಿಂದ ಆರಂಭವಾದ ನೈಟ್ಸ್ ಆಫ್ ಓಲ್ಡ್ ಎಂಬ ಸಾಗಾಣಿಕೆಯ ಸಂಸ್ಥೆಗೆ ಸುಮಾರು ೫೦೦ ಲಾರಿಗಳಿದ್ದುವು. ೨೦೨೩ರ ಜೂನ್ ತಿಂಗಳಲ್ಲಿ ದುಷ್ಕರ್ಮಿಗಳು ಅದರ ಗಣಕಯಂತ್ರಗಳೊಳಗೆ ನುಗ್ಗಿ, ಲೆಕ್ಕಗಳಿಗೆಲ್ಲ ಬೀಗ ಹಾಕಿ ಹಣ ಕೇಳಿದರು. ಸೆಪ್ಟೆಂಬರಿನಲ್ಲಿ ಸಂಸ್ಥೆಯು ಮುಳುಗಿ, ಸುಮಾರು ೭೦೦ ಜನರು ಉದ್ಯೋಗವನ್ನು ಕಳೆದುಕೊಂಡರು. ಸುಲಭವಾಗಿ ಊಹಿಸಬಹುದಾದ ಒಂದು ಪಾಸ್‌ವರ್ಡೇ ಅವರಿಗೆ ಬಾಗಿಲಾಯಿತೆಂದು ನಂಬಲಾಗಿದೆ. ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ಮೊಬೈಲಿಗೆ ಬರುವ ಕಡತಗಳನ್ನು ತೆರೆದು ನಮ್ಮಲ್ಲಿಯೂ ಅನೇಕರು ಹಣವನ್ನು ಕಳೆದುಕೊಂಡಿದ್ದಾರೆ.

ಆದಕಾರಣ ಮುಂದಿನ ಕಟ್ಟುಗಳನ್ನು ಗ್ರಾಮದ ರೂಢಿಯನ್ನಾಗಿ ಮಾಡತಕ್ಕದ್ದು.

೧. ಲಾರಿಯ ನಂಬರನ್ನು ಸರ್ಕಾರದ ವಾಹನ್ ದಾಖಲೆಯಲ್ಲಿ ನೋಡಿ, ಚಾಸಿಯ ಮೇಲೆ ಕೊರೆದಿರುವ ಸಂಖ್ಯೆಯು ನೋಂದಣಿಯ ಪತ್ರದೊಡನೆ ಸರಿಹೋಗುವುದೇ ಎಂದು ಪರೀಕ್ಷಿಸುವುದು. ನಂಬರಿನ ಫಲಕವನ್ನು ಬದಲಾಯಿಸುವುದು ಸುಲಭ. ಉಕ್ಕಿನ ಮೇಲಿನ ಸಂಖ್ಯೆಯನ್ನು ಬದಲಾಯಿಸುವುದು ಕಷ್ಟ.

೨. ಲಾರಿಯ ಮಾಲೀಕನೊಡನೆ ಮಾತನಾಡಿದ ಹೊರತು ಮೂಟೆಯನ್ನು ಎತ್ತಕೂಡದು. ಅವನ ದೂರವಾಣಿಯ ಸಂಖ್ಯೆಯನ್ನು ಚಾಲಕನಿಂದಾಗಲಿ ದಲ್ಲಾಳಿಯಿಂದಾಗಲಿ ಪಡೆಯದೆ ಬೇರೆ ಮೂಲದಿಂದ ಪಡೆಯುವುದು. ಸ್ಥಳವನ್ನೋ ಬ್ಯಾಂಕಿನ ಖಾತೆಯನ್ನೋ ಬದಲಾಯಿಸುವ ಸಂದೇಶ ಬಂದಾಗಲೂ ಇದೇ ನಿಯಮ.

೩. ಚಾಲಕನ, ಲಾರಿಯ ಮತ್ತು ತುಂಬಿದ ಸರಕಿನ ಚಿತ್ರಗಳನ್ನು ತೆಗೆದಿರಿಸುವುದು. ಸರಕಿಗೆ ಪೂರ್ತಿ ಬೆಲೆಯ ವಿಮೆಯನ್ನು ಮಾಡಿಸುವುದು.

೪. ಇ-ವೇ ಬಿಲ್ಲಿನ ಪಾಸ್‌ವರ್ಡನ್ನೂ ಓ.ಟಿ.ಪಿ.ಯನ್ನೂ ಯಾರಿಗೂ ಹೇಳಕೂಡದು. ಗುಮಾಸ್ತನು ಕೆಲಸ ಬಿಟ್ಟ ದಿನವೇ ಪಾಸ್‌ವರ್ಡನ್ನು ಬದಲಾಯಿಸುವುದು.

೫. ಅನುಮಾನ ಬಂದ ಗಳಿಗೆಯಲ್ಲಿಯೇ ದೂರನ್ನು ಕೊಡುವುದು. ಅಪರಾಧವು ಯಾವ ಊರಿನಲ್ಲಿ ನಡೆದಿದ್ದರೂ ಸಮೀಪದ ಠಾಣೆಯು ದೂರನ್ನು ಸ್ವೀಕರಿಸತಕ್ಕದ್ದೆಂದು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯು ವಿಧಿಸಿದೆ. ಬ್ಯಾಂಕಿನಿಂದ ಹಣವು ಹೋದಲ್ಲಿ ೧೯೩೦ಕ್ಕೆ ಒಡನೆಯೇ ತಿಳಿಸುವುದು.

ಇದರಿಂದ ಲಾರಿಯು ಹೊರಡುವುದು ತಡವಾಗುವುದೆಂಬ ಆಕ್ಷೇಪಣೆಯು ಬರಬಹುದು. ತಡವಾಗುವುದು ನಿಜ; ಆದರೆ ಅದು ಒಂದು ಗಂಟೆಯ ಮಾತು. ಒಬ್ಬನೇ ಇಷ್ಟನ್ನು ಕೇಳಿದರೆ ಚಾಲಕನು ಮುನಿದು ಬೇರೆ ಅಂಗಳಕ್ಕೆ ಹೋದಾನು. ಊರೆಲ್ಲ ಕೇಳಿದರೆ ಎಲ್ಲಿಗೆ ಹೋದಾನು? ಧಾರಣೆಯ ವಿಷಯದಲ್ಲಿ ಒಬ್ಬೊಬ್ಬರಾಗಿ ಸೋಲುತ್ತಿದ್ದ ಬೆಳೆಗಾರರು ೧೯೩೯ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಸಂಘವನ್ನು ಕಟ್ಟಿ ಒಟ್ಟಾಗಿ ನಿಂತರು. ಅದೇ ಒಗ್ಗಟ್ಟನ್ನು ಸಾಗಾಣಿಕೆಗೂ ವಿಸ್ತರಿಸಿ, ಪ್ರತಿಯೊಂದು ಗ್ರಾಮದ ಸಹಕಾರ ಸಂಘವೂ ಪರೀಕ್ಷಿಸಿದ ಲಾರಿಗಳ ಮತ್ತು ಮಾಲೀಕರ ಒಂದು ರಿಜಿಸ್ಟರನ್ನು ಇಟ್ಟು, ಅಕ್ಕಪಕ್ಕದ ಸಂಘಗಳಿಗೂ ತಿಳಿಸುವುದು ಯುಕ್ತವೆಂದು ತೋರುವುದು. ಇದಕ್ಕೆ ಬೇಕಾಗುವುದು ಒಂದು ಪುಸ್ತಕವೂ ಅದನ್ನು ತಪ್ಪದೆ ಬರೆಯುವ ಒಬ್ಬ ಮನುಷ್ಯನೂ ಮಾತ್ರ. ಗ್ರಾಮದ ಮುಖಂಡರು ಬರುವ ಕೊಯ್ಲಿಗೆ ಮುಂಚಿತವಾಗಿಯೇ ಸಭೆಯನ್ನು ಸೇರಿಸಿ ಈ ಕಾರ್ಯವನ್ನು ಕೈಗೊಳ್ಳುವರೆಂದು ಅಪೇಕ್ಷಿಸುತ್ತೇವೆ.